ಎಟಿಮಾನ್‌ಲೈನ್ ರಿವ್ಯೂ: ‘ನೈಸ್’ ಅನ್ನೋ ಒಂದು ಪದ ಹಿಡ್ಕೊಂಡು ಹೊರಟಾಗ

ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ಅಕ್ಕಿ ಡಬ್ಬ ಕೆಳಗಿಟ್ಟ ಕೂಡ್ಲೇ ಕೇಳೋ ಮೊದಲನೇ ಪ್ರಶ್ನೆ ‘ನೈಸಾಗಿ ಬೀಸೋದಾ, ಸ್ವಲ್ಪ ತರಿ ಇರ್ಲಾ’ ಅಂತ. ರೊಟ್ಟಿಗಾದ್ರೆ ನೈಸು, ಕಡುಬಿಗಾದ್ರೆ ತರಿ. ಹುಟ್ಟಿದಾಗಿಂದ ಕೇಳಿರೋ ಮಾತು, ಅದು ಇಂಗ್ಲಿಷ್ ಪದ ಅಂತ ತಲೇಲಿ ಬರೋದೇ ಇಲ್ಲ. ನಾನು ಹೊಸನಗರ ತಾಲ್ಲೂಕಿನಲ್ಲಿ ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡ್ತೀನಿ. ಎಂಟನೇ ಕ್ಲಾಸಲ್ಲಿ ಒಂದಿನ ಸಂಭಾಷಣೆ ಹೇಳ್ಕೊಡ್ತಾ ‘ನೈಸ್ ಟು ಮೀಟ್ ಯೂ’ ಅಂತ ಬೋರ್ಡ್ ಮೇಲೆ ಬರೆದೆ, ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ‘ಮೇಡಂ, ನೈಸ್ ಅಂದ್ರೆ ನುಣ್ಣಗೆ ಅಲ್ವಾ, ಮತ್ತೆ ಮನುಷ್ಯರನ್ನ ನೋಡಿದಾಗ ಯಾಕೆ ಹಾಗೆ ಹೇಳೋದು’ ಅಂತ ಕೇಳಿದ. ಕ್ಲಾಸಲ್ಲಿ ಒಬ್ರೂ ನಗ್ಲಿಲ್ಲ, ಯಾಕಂದ್ರೆ ಎಲ್ಲರ ತಲೇಲೂ ಅದೇ ಇತ್ತು. ಇನ್ನೊಬ್ಳು ಹುಡುಗಿ ‘ನೈಸ್ ಮಾಡೋದು ಅಂದ್ರೆ ಪುಸಲಾಯಿಸೋದಲ್ವಾ ಮೇಡಂ’ ಅಂದ್ಳು. ಅಲ್ಲಿಗೆ ನನ್ನ ಪಾಠ ನಿಂತೋಯ್ತು.

ಸ್ಟಾಫ್ ರೂಮಿಗೆ ಬಂದು ಇಂಗ್ಲಿಷ್-ಕನ್ನಡ ಡಿಕ್ಷನರಿ ತೆಗೆದ್ರೆ ಅಲ್ಲಿ ಹಿತವಾದ, ಸೊಗಸಾದ, ಸೂಕ್ಷ್ಮವಾದ, ನವಿರಾದ ಅಂತ ನಾಲ್ಕೈದು ಅರ್ಥ ಸಾಲಾಗಿ ಕೂತಿದ್ವು. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ, ಯಾವುದು ಮೊದಲು ಬಂತು ಯಾವುದು ಆಮೇಲೆ, ಅದೇನೂ ಇಲ್ಲ. ಅವತ್ತು ಸಂಜೆ ಫೋನಲ್ಲಿ ಎಟಿಮಾನ್‌ಲೈನ್ ತೆಗೆದು ‘ನೈಸ್’ ಅಂತ ಹಾಕಿದೆ. ಅವತ್ತಿಂದ ಇವತ್ತಿನವರೆಗೆ ಆ ಸೈಟ್ ಇಲ್ಲದೆ ನನ್ನ ಪಾಠದ ತಯಾರಿ ಆಗಿಲ್ಲ, ಅದಕ್ಕೇ ಈ ರಿವ್ಯೂ ಬರೀತಿದೀನಿ, ಮುಖ್ಯವಾಗಿ ನನ್ನ ಥರ ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಹೇಳ್ಕೊಡೋರಿಗೆ, ಆಮೇಲೆ ಪದಗಳ ಹುಚ್ಚು ಇರೋ ಯಾರಿಗೇ ಆಗ್ಲಿ.

ಮೊದಲು ಇದು ಏನು ಅಂತ ಹೇಳಿಬಿಡ್ತೀನಿ. ಪೂರ್ತಿ ಹೆಸರು ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ, ಅಂದ್ರೆ ಇಂಗ್ಲಿಷ್ ಪದಗಳ ಹುಟ್ಟು ಹೇಳೋ ನಿಘಂಟು. ಅಮೆರಿಕದ ಪೆನ್ಸಿಲ್ವೇನಿಯಾದ ಡಗ್ಲಾಸ್ ಹಾರ್ಪರ್ ಅನ್ನೋರು ಬಹುಪಾಲು ತಾವೊಬ್ರೇ ಕೂತು ವರ್ಷಗಟ್ಟಲೆ ಕಟ್ಟಿದ್ದು. ಅವರೇನು ದೊಡ್ಡ ಯೂನಿವರ್ಸಿಟಿಯ ಭಾಷಾಶಾಸ್ತ್ರದ ಪ್ರೊಫೆಸರ್ ಅಲ್ಲ, ಪತ್ರಿಕೆಯಲ್ಲಿ ಕೆಲಸ ಮಾಡಿದೋರು, ಇತಿಹಾಸದ ಆಸಕ್ತಿ ಇರೋರು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ, ಆಮೇಲೆ ಎರ್ನೆಸ್ಟ್ ವೀಕ್ಲಿ, ಕ್ಲೈನ್, ಬಾರ್ನ್‌ಹಾರ್ಟ್ ಅನ್ನೋ ಪಂಡಿತರ ನಿಘಂಟುಗಳನ್ನ ಒಟ್ಟಿಗೆ ಇಟ್ಕೊಂಡು, ತಾಳೆ ನೋಡಿ, ಒಂದೊಂದು ಪದಕ್ಕೂ ಒಂದು ಪ್ಯಾರಾ ಬರೆದಿದಾರೆ. ವೆಬ್‌ನಲ್ಲಿ ದುಡ್ಡು ಕೊಡದೆ ಓದಬಹುದು. ಆಕ್ಸ್‌ಫರ್ಡ್ ದೊಡ್ಡ ನಿಘಂಟು, 1989ರ ಎರಡನೇ ಆವೃತ್ತಿ 20 ಸಂಪುಟ ಇದೆಯಲ್ಲ, ಅದನ್ನ ಆನ್‌ಲೈನಲ್ಲಿ ಪೂರ್ತಿ ಓದ್ಬೇಕು ಅಂದ್ರೆ ಚಂದಾ ಕಟ್ಬೇಕು, ಹಳ್ಳಿ ಸ್ಕೂಲಿಗೆ ಅದು ಆಗೋ ಮಾತಲ್ಲ. ಹಾಗಾಗಿ ಒಬ್ಬ ಮನುಷ್ಯ ತನ್ನ ಜೀವಮಾನದ ಶ್ರಮವನ್ನ ಹೀಗೆ ಎಲ್ಲರ ಮುಂದೆ ತೆರೆದಿಟ್ಟಿರೋದು ನನಗೆ ಬಹಳ ದೊಡ್ಡದಾಗಿ ಕಾಣುತ್ತೆ. ಸೈಟ್‌ನ ಮೊದಲ ಪುಟದಲ್ಲೇ ಅವರು ಇದನ್ನ ಈಗಿನ ಇಂಗ್ಲಿಷಿನ ಗಾಡಿಜಾಡಿನ ನಕ್ಷೆ ಅಂತ ಕರೆದಿದಾರೆ, ಚಕ್ರ ಹೋಗಿ ಹೋಗಿ ಮಣ್ಣಲ್ಲಿ ಬಿದ್ದಿರುತ್ತಲ್ಲ ಆ ಗುರುತು. ಪದದ ಹುಟ್ಟು ಅಂದ್ರೆ ಪದದ ಅರ್ಥ ಅಲ್ಲ ಅಂತಾನೂ ಅಲ್ಲೇ ಎಚ್ಚರಿಸಿದಾರೆ. ಈ ಎಚ್ಚರಿಕೆ ನೆನಪಲ್ಲಿಡಿ, ಕೆಳಗೆ ಮತ್ತೆ ಬರುತ್ತೆ.

ಈಗ ‘ನೈಸ್’ ಕಥೆಗೆ ಬರ್ತೀನಿ, ಯಾಕಂದ್ರೆ ಈ ಸೈಟ್ ಎಷ್ಟು ಒಳ್ಳೇದು ಅಂತ ನನಗೆ ಗೊತ್ತಾಗಿದ್ದೇ ಅದರಿಂದ. ಎಂಟ್ರಿಯ ಮೊದಲ ಸಾಲಲ್ಲೇ ನಾನು ಬೆಚ್ಚಿಬಿದ್ದೆ. 13ನೇ ಶತಮಾನದ ಕೊನೆಗೆ ಫ್ರೆಂಚಿಂದ ಇಂಗ್ಲಿಷಿಗೆ ಬಂದಾಗ ಈ ಪದದ ಅರ್ಥ ದಡ್ಡ, ಏನೂ ತಿಳೀದವನು, ಪೆದ್ದ ಅಂತ! ಹಳೇ ಫ್ರೆಂಚಲ್ಲಿ ಅದಕ್ಕೆ ಎಡವಟ್ಟು, ಬಡಪಾಯಿ, ಮಂಕು ಇಂಥ ಅರ್ಥಗಳಿದ್ವು. ಅದರ ಹಿಂದೆ ಲ್ಯಾಟಿನ್ನಿನ ‘ನೆಸ್ಕಿಯಸ್’, ‘ನೆ’ ಅಂದ್ರೆ ಇಲ್ಲ, ‘ಸ್ಕೀರೆ’ ಅಂದ್ರೆ ತಿಳಿಯೋದು, ಎರಡೂ ಸೇರಿ ತಿಳೀದವನು. ನಾವು ಸ್ಟೇಟಸ್ ಕೆಳಗೆ, ಫೋಟೋ ಕೆಳಗೆ ದಿನಕ್ಕೆ ಹತ್ತು ಸಲ ಹಾಕೋ ಪದ ಹೊಯ್ಸಳರ ಕಾಲದಲ್ಲಿ ಇಂಗ್ಲೆಂಡಿನವರ ಬಾಯಲ್ಲಿ ಬೈಗುಳ ಆಗಿತ್ತು.

ಅಲ್ಲಿಂದ ಮುಂದೆ ಅದು ನಡೆದ ದಾರಿ ನೋಡಿ. 1300ರ ಹೊತ್ತಿಗೆ ಪುಕ್ಕಲ, ಅಂಜುಬುರುಕ. 14ನೇ ಶತಮಾನದ ಕೊನೆಗೆ ಎಲ್ಲದರಲ್ಲೂ ಹುಳುಕು ಹುಡುಕೋನು, ಅದು ಹಾಗಿರ್ಬೇಕು ಇದು ಹೀಗಿರ್ಬೇಕು ಅಂತ ಗೊಣಗೋನು. 1400ರ ಸುಮಾರಿಗೆ ನಾಜೂಕು, ನವಿರು. 1500ರ ದಶಕಗಳಲ್ಲಿ ಕರಾರುವಾಕ್ಕು, ಸೂಕ್ಷ್ಮ. ಹಿತ, ಖುಷಿ ಕೊಡುವಂಥದ್ದು ಅನ್ನೋ ಅರ್ಥಕ್ಕೆ ಕೊಟ್ಟಿರೋ ವರ್ಷ 1769, ಒಳ್ಳೆ ಮನಸ್ಸಿನ, ದಯೆ ಇರುವ ಅನ್ನೋದಕ್ಕೆ 1830. ಒಂದೊಂದು ಮೆಟ್ಟಿಲೂ ಮುಂದಿನದಕ್ಕೆ ಹೇಗೆ ತಗಲ್ಕೊಂಡಿದೆ ಅಂತ ನಾನು ಮಕ್ಕಳ ಜೊತೆ ಕೂತು ಯೋಚನೆ ಮಾಡಿದೆ. ತಿಳೀದವನಿಗೆ ಅಂಜಿಕೆ ಜಾಸ್ತಿ. ಅಂಜೋನು ಪ್ರತಿಯೊಂದನ್ನೂ ಮುಟ್ಟಿ ಮುಟ್ಟಿ ನೋಡ್ತಾನೆ, ಅದು ಗೊಣಗಾಟದ ಹಾಗೆ ಕಾಣುತ್ತೆ. ಹಾಗೆ ನೋಡೋನಿಗೆ ನವಿರು ಯಾವುದು ಒರಟು ಯಾವುದು ಗೊತ್ತಾಗುತ್ತೆ. ನವಿರಾದದ್ದು ಹಿತ. ಹಿತವಾದ ಮನುಷ್ಯ ಒಳ್ಳೆಯವನು. ಈ ಕೊಂಡಿಗಳು ನಾನು ಪಾಠಕ್ಕೆ ಅಂತ ಹೆಣೆದದ್ದು, ಸೈಟ್‌ನಲ್ಲಿರೋದು ಅರ್ಥಗಳು ಮತ್ತೆ ಕಾಲ ಮಾತ್ರ. ವಿಶೇಷಣಗಳಲ್ಲೇ ಇಷ್ಟು ದೂರ ನಡೆದದ್ದು ಅಸಾಮಾನ್ಯ ಅಂತ ಎರ್ನೆಸ್ಟ್ ವೀಕ್ಲಿ ಹೇಳಿದ ಮಾತನ್ನೂ ಅಲ್ಲೇ ಹಾಕಿದಾರೆ.

ವರ್ಷಗಳನ್ನ ಬೋರ್ಡ್ ಮೇಲೆ ಬರೆದು ಪಕ್ಕದಲ್ಲಿ ನಮ್ಮ ಇತಿಹಾಸ ಬರೆಯೋಣ ಅಂದಾಗ ಕ್ಲಾಸಿನ ಕಳೆಯೇ ಬೇರೆ ಆಯ್ತು. 1769 ಅಂದ್ರೆ ಹೈದರಾಲಿ ಮದ್ರಾಸಿನ ಬಾಗಿಲಿಗೇ ಹೋಗಿ ಇಂಗ್ಲಿಷರ ಜೊತೆ ಒಪ್ಪಂದ ಮಾಡ್ಕೊಂಡು ಮೊದಲ ಮೈಸೂರು ಯುದ್ಧ ಮುಗಿದ ವರ್ಷ. 1830 ಅಂದ್ರೆ ನಮ್ಮ ತಾಲ್ಲೂಕಲ್ಲೇ ಇರೋ ನಗರ, ಅಂದ್ರೆ ಹಳೇ ಬಿದನೂರು, ಆ ಸೀಮೆಯ ರೈತರು ದಂಗೆ ಎದ್ದ ವರ್ಷ, ನಮ್ಮ ಸ್ಕೂಲಿಂದ ಅಲ್ಲಿನ ಕೋಟೆಗೆ ಬಸ್ಸಲ್ಲಿ ಹೋಗಿ ಬರ್ಬಹುದು. ಇಲ್ಲಿ ಕಂದಾಯ ಕಟ್ಟಲಾರದೆ ಜನ ಕೂಟ ಸೇರ್ತಿದ್ದಾಗ ಅಲ್ಲಿ ‘ನೈಸ್’ ಅನ್ನೋದಕ್ಕೆ ದಯೆ ಇರೋನು ಅನ್ನೋ ಅರ್ಥ ಕೂಡ್ಕೊಳ್ತಿತ್ತು. ಎರಡಕ್ಕೂ ಸಂಬಂಧ ಏನಿಲ್ಲ, ಆದ್ರೆ ಇಂಗ್ಲಿಷ್ ಅನ್ನೋದು ಆಕಾಶದಿಂದ ಬಿದ್ದದ್ದಲ್ಲ, ಅದೂ ನಮ್ಮ ಹಾಗೇ ಕಾಲದಲ್ಲಿ ನಡ್ಕೊಂಡು ಬಂದಿದೆ ಅಂತ ಮಕ್ಕಳಿಗೆ ಹೊಳೆಯೋಕೆ ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಗಿರಣಿಯ ನೈಸಿಗೆ ವಾಪಸ್ ಬರ್ತೀನಿ. ನಮ್ಮ ಹುಡುಗ ಹೇಳಿದ ‘ನುಣ್ಣಗೆ’ ತಪ್ಪಲ್ಲವೇ ಅಲ್ಲ, ಆ ನವಿರು ಅನ್ನೋ ಅರ್ಥದ ಪಕ್ಕದ ಮನೆಯದ್ದೇ ಅದು. ಕನ್ನಡದಲ್ಲಿ ‘ನೈಸ್’ ಎಷ್ಟು ಕಡೆ ಕೂತಿದೆ ನೋಡಿ: ಚಟ್ನಿ ನೈಸಾಗಿ ರುಬ್ಬು, ಗಾರೆ ನೈಸಾಗಿ ಬಂದಿದೆ, ನೆಲ ನೈಸಿದೆ ಜಾರ್ತೀಯಾ, ಟಯರ್ ಸವೆದು ನೈಸಾಗಿದೆ. ಆಮೇಲೆ ಮನುಷ್ಯರಿಗೆ ಬಂದ್ರೆ ಅಜ್ಜಿನ ನೈಸ್ ಮಾಡಿ ದುಡ್ಡು ಇಸ್ಕೊಂಡ, ಕೆಲಸ ಬಂದಾಗ ನೈಸಾಗಿ ಜಾರ್ಕೊಂಡ. ನುಣುಪು, ಜಾರೋದು, ನುಣ್ಣನೆ ಮಾತು, ಮೋಸ, ಹೀಗೆ ಕನ್ನಡದಲ್ಲಿ ಅದರದ್ದೇ ಬೇರೆ ಒಂದು ಪ್ರಯಾಣ ನಡೆದಿದೆ. ನಮ್ಮಲ್ಲಿ ಮೊದಲಿಂದ ‘ನಯ’ ಇತ್ತು, ನಯವಾದ ಬಟ್ಟೆ, ನಯವಾದ ಮಾತು, ನಯವಂಚಕ. ಆ ನಯ ಹಾಸಿಟ್ಟ ಚಾಪೆ ಮೇಲೆ ನೈಸ್ ಬಂದು ಕೂತಿತು ಅಂತ ನನ್ನ ನಂಬಿಕೆ. ಇಂಗ್ಲಿಷಲ್ಲಿ ಪೆದ್ದನಿಂದ ಶುರುವಾಗಿ ಒಳ್ಳೆಯವನಾದ ಪದ ಕನ್ನಡಕ್ಕೆ ಬಂದು ಚಾಲಾಕಿ ಆಗಿಬಿಡ್ತು. ಇದನ್ನ ಎಟಿಮಾನ್‌ಲೈನ್ ಹೇಳಲ್ಲ, ಹೇಳ್ಬೇಕು ಅಂತಾನೂ ಇಲ್ಲ, ಅದು ಇಂಗ್ಲಿಷ್ ನಿಘಂಟು. ಆದ್ರೆ ಅದನ್ನ ಓದದೇ ಇದ್ದಿದ್ರೆ ನಾನು ಆ ಹುಡುಗನಿಗೆ ‘ಅದು ತಪ್ಪು, ಕೂತ್ಕೋ’ ಅಂತ ಹೇಳಿ ಮುಂದೆ ಹೋಗ್ತಿದ್ದೆ.

ಇನ್ನು ಸೈಟ್‌ನಲ್ಲಿ ನನಗೆ ಅತೀ ಇಷ್ಟ ಆಗಿದ್ದು ಬೇರಿಗೆ ಕೊಡೋ ಲಿಂಕ್. ಎಂಟ್ರಿ ಒಳಗೆ ನಕ್ಷತ್ರದ ಗುರುತು ಹಾಕಿರೋ ಪುಟ್ಟ ಪುಟ್ಟ ಬೇರುಪದ ಇರುತ್ತೆ, ಅದರ ಮೇಲೆ ಒತ್ತಿದ್ರೆ ಆ ಬೇರಿಂದ ಹುಟ್ಟಿದ ಪದಗಳೆಲ್ಲ ಸಾಲಾಗಿ ಬರ್ತವೆ. ನಕ್ಷತ್ರ ಅಂದ್ರೆ ಆ ರೂಪ ಎಲ್ಲೂ ಬರೆದಿದ್ದು ಸಿಕ್ಕಿಲ್ಲ, ಪಂಡಿತರು ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಎಲ್ಲಾ ಸೇರೋ ಇಂಡೋ-ಯುರೋಪಿಯನ್ ಕುಟುಂಬದ ಭಾಷೆಗಳನ್ನ ಹೋಲಿಸಿ ಊಹಿಸಿ ಕಟ್ಟಿದ್ದು ಅಂತ. ‘ನೈಸ್’ನ ಒಳಗಿರೋ ‘ಸ್ಕೀರೆ’ ಇದೆಯಲ್ಲ, ಅದರ ಬೇರು ಬಹುಶಃ ‘ಸ್ಕೆಯ್’ ಥರದ ಒಂದು ರೂಪ, ಅರ್ಥ ಕತ್ತರಿಸೋದು, ಸೀಳೋದು. ಅಲ್ಲಿಂದ ಸೈನ್ಸ್, ಕಾನ್ಶಸ್, ಕಾನ್ಶೆನ್ಸ್, ಹಿಮದ ಮೇಲೆ ಜಾರೋ ಸ್ಕೀ, ಮೊಣಕಾಲ ಕೆಳಗಿನ ಶಿನ್ ಮೂಳೆ, ಎಲ್ಲಾ ಒಂದೇ ಮನೆತನ. ಅದೇ ಪಟ್ಟಿಯಲ್ಲಿ ಸಂಸ್ಕೃತದ ‘ಛಿನತ್ತಿ’ ಕೂಡ ಇದೆ, ಅಂದ್ರೆ ಕತ್ತರಿಸ್ತಾನೆ ಅಂತ. ನಾವು ದಿನಾ ಹೇಳೋ ಛಿನ್ನಭಿನ್ನದ ಛಿನ್ನ, ಛಿದ್ರ, ವಿಚ್ಛೇದನ ಎಲ್ಲಾ ಆ ಧಾತುವಿನದ್ದೇ. ಸೈನ್ಸಿಗೂ ಛಿನ್ನಕ್ಕೂ ನೆಂಟಸ್ತಿಕೆ ಅಂದಾಗ ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟ್ರು ಕುರ್ಚಿ ಎಳ್ಕೊಂಡು ಬಂದು ಪಕ್ಕದಲ್ಲಿ ಕೂತ್ರು. ಕತ್ತರಿಸೋದಕ್ಕೂ ತಿಳಿಯೋದಕ್ಕೂ ಏನು ಸಂಬಂಧ ಅಂತ ಅವರ ಪ್ರಶ್ನೆ. ಸಂಸ್ಕೃತದ ಮೇಡಂ ಅಲ್ಲೇ ಇದ್ರು, ‘ವಿವೇಕ’ ಅಂದ್ರೂ ಮೂಲದಲ್ಲಿ ಬೇರೆ ಬೇರೆ ಮಾಡೋದು ಅಂತಲೇ ಅಲ್ವಾ, ಹಾಲು ನೀರು ಬೇರೆ ಮಾಡಿ ನೋಡೋನೇ ವಿವೇಕಿ ಅಂದ್ರು. ಬೆಲ್ ಹೊಡೆದಿದ್ದು ಮೂರು ಜನಕ್ಕೂ ಕೇಳ್ಲಿಲ್ಲ.

‘ಬಹುಶಃ’ ಅಂತ ಮೇಲೆ ಬರೆದ್ನಲ್ಲ, ಅದೂ ಸೈಟ್‌ನಿಂದಲೇ ಕಲಿತದ್ದು. ಎಂಟ್ರಿಗಳಲ್ಲಿ ಪ್ರಾಬಬ್ಲಿ, ಪರ್‌ಹ್ಯಾಪ್ಸ್, ಆಫ್ ಅನ್‌ಸರ್ಟನ್ ಒರಿಜಿನ್ ಅನ್ನೋ ಮಾತುಗಳು ಪದೇ ಪದೇ ಬರ್ತವೆ. ಮೊದಮೊದಲು ನನಗೆ ಇದು ಹಿಡಿಸ್ತಿರ್ಲಿಲ್ಲ, ಗೊತ್ತಿದ್ರೆ ಹೇಳ್ಬೇಕು ಇಲ್ಲಾಂದ್ರೆ ಬಿಡ್ಬೇಕು ಅನ್ನಿಸ್ತಿತ್ತು, ಈಗ ಆ ಮಾತುಗಳೇ ನನಗೆ ನಂಬಿಕೆ ಕೊಡೋದು. ಇನ್ನು ಓದೋ ಕ್ರಮ ಸ್ವಲ್ಪ ಅಭ್ಯಾಸ ಆಗ್ಬೇಕು. 13ಸಿ ಅಂದ್ರೆ 13ನೇ ಶತಮಾನ, ವರ್ಷದ ಮುಂದೆ ಬರೇ ಸಿ ಚುಕ್ಕೆ ಇದ್ರೆ ಸುಮಾರು ಅಂತ, ಪಿಐಇ ಅಂದ್ರೆ ಪ್ರೋಟೋ-ಇಂಡೋ-ಯುರೋಪಿಯನ್, ಆ ಕುಟುಂಬಕ್ಕೆಲ್ಲ ಮೂಲ ಅಂತ ಊಹಿಸಿದ ಭಾಷೆ. ಕೊಟ್ಟಿರೋ ವರ್ಷ ಆ ಪದ ಬರಹದಲ್ಲಿ ಮೊದಲು ಸಿಕ್ಕಿದ ಕಾಲ, ಹುಟ್ಟಿದ ದಿನ ಅಲ್ಲ. ಜನರ ಬಾಯಲ್ಲಿ ಅದಕ್ಕೂ ಮೊದಲೇ ಇದ್ದಿರುತ್ತೆ. ಇದನ್ನ ಮಕ್ಕಳಿಗೆ ಮೊದಲೇ ಹೇಳ್ಬೇಕು.

‘ನೈಸ್’ ಮುಗಿದ ಮೇಲೆ ಮಕ್ಕಳು ಉಲ್ಟಾ ದಿಕ್ಕಲ್ಲಿ ಹೋದ ಪದ ಇದ್ಯಾ ಅಂತ ಕೇಳಿದ್ರು. ಇದೆ, ‘ಸಿಲ್ಲಿ’. ಹಳೇ ಇಂಗ್ಲಿಷಲ್ಲಿ ಅದರ ಪೂರ್ವಜ ಪದಕ್ಕೆ ಸುಖಿ, ದೇವರ ಕೃಪೆ ಇರೋನು ಅಂತ ಅರ್ಥ. ಅಲ್ಲಿಂದ ಮುಗ್ಧ, ಪಾಪದವನು, ಬಲ ಇಲ್ಲದವನು ಆಗಿ 16ನೇ ಶತಮಾನಕ್ಕೆ ಪೆದ್ದ ಆಯ್ತು. ಒಂದು ಕೆಳಗಿಂದ ಮೇಲಕ್ಕೆ ಹತ್ತಿತು, ಇನ್ನೊಂದು ಮೇಲಿಂದ ಕೆಳಕ್ಕೆ ಇಳೀತು. ಆಗ ನಮ್ಮ ಸಂಸ್ಕೃತದ ಮೇಡಂ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ಮೂಢ, ಮುಗ್ಧ ಎರಡೂ ಒಂದೇ ‘ಮುಹ್’ ಧಾತುವಿನ ಮಕ್ಕಳು, ಮನಸ್ಸು ಮಂಕಾಗೋದು ಅಂತ ಅದರ ಅರ್ಥ, ಮೋಹ ಕೂಡ ಅಲ್ಲಿಂದಲೇ. ಒಬ್ಬ ದಡ್ಡನಾಗೇ ಉಳಿದ, ಇನ್ನೊಬ್ಬನನ್ನ ನಾವು ಕನ್ನಡದಲ್ಲಿ ಎಷ್ಟು ಪ್ರೀತಿಯಿಂದ ಕರೀತೀವಿ, ಮುಗ್ಧ ಮಗು, ಮುಗ್ಧ ನಗು. ‘ನೈಸ್’ ಐನೂರಕ್ಕೂ ಹೆಚ್ಚು ವರ್ಷದಲ್ಲಿ ಹತ್ತಿದ ಮೆಟ್ಟಿಲುಗಳನ್ನೇ ನಮ್ಮ ಮುಗ್ಧ ಕೂಡ ಹತ್ತಿದಾನೆ ಅಂತ ನನಗೆ ಅನ್ನಿಸಿದ್ದು ಆಗ.

ಇನ್ನೊಂದು ಹೇಳದೇ ಇದ್ರೆ ಮನಸ್ಸು ತಡೆಯಲ್ಲ. ‘ಆಯಿಲ್’ ಅಂತ ಹಾಕಿ ನೋಡಿ. ಅದು ಮೊದಲು ಎಲ್ಲಾ ಎಣ್ಣೆಗೂ ಇದ್ದ ಹೆಸರಲ್ಲ, ಆಲಿವ್ ಕಾಯಿಯ ಎಣ್ಣೆಗೆ ಮಾತ್ರ. ಗ್ರೀಕಿನ ಆಲಿವ್ ಪದದಿಂದ ಲ್ಯಾಟಿನ್ನಿನ ‘ಓಲಿಯಮ್’, ಅಲ್ಲಿಂದ ಫ್ರೆಂಚ್, ಅಲ್ಲಿಂದ ಇಂಗ್ಲಿಷ್, ಆಮೇಲೆ ನಿಧಾನಕ್ಕೆ ಯಾವ ಎಣ್ಣೆಗಾದ್ರೂ ಅದೇ ಹೆಸರಾಯ್ತು, ಈಗ ನೆಲದಿಂದ ತೆಗೆಯೋ ಕಚ್ಚಾತೈಲವೂ ಆಯಿಲ್. ಈಗ ಕನ್ನಡದ ‘ಎಣ್ಣೆ’ ಬಿಡಿಸಿ ನೋಡಿ. ಎಳ್ಳು ಮತ್ತೆ ನೆಯ್, ಎರಡೂ ಸೇರಿ ಎಣ್ಣೆ, ಅಂದ್ರೆ ಎಳ್ಳಿನ ಜಿಡ್ಡು. ನಾವೀಗ ಕೊಬ್ಬರಿ ಎಣ್ಣೆ ಅಂತೀವಿ, ಹರಳೆಣ್ಣೆ ಅಂತೀವಿ, ಸೀಮೆಎಣ್ಣೆ ಅಂತೀವಿ, ಅದರಲ್ಲಿ ಎಳ್ಳಿನ ಒಂದು ಕಾಳೂ ಇಲ್ಲ. ಮೆಡಿಟರೇನಿಯನ್ ಕಡೆ ಆಲಿವ್ ಮಾಡಿದ ಕೆಲಸವನ್ನೇ ಇಲ್ಲಿ ಎಳ್ಳು ಮಾಡಿದೆ. ಯಾವ ಎಣ್ಣೆ ಮೊದಲು ಮನೆಯಲ್ಲಿತ್ತೋ ಅದರ ಹೆಸರೇ ಎಲ್ಲದಕ್ಕೂ ಆಯ್ತು. ಮನೆಗೆ ಹೋಗಿ ನಮ್ಮಮ್ಮಂಗೆ ಹೇಳಿದೆ, ಅವರು ಒಲೆ ಮುಂದೆ ಸೌಟು ಹಿಡ್ಕೊಂಡೇ ಎಳ್ಳು ನೆಯ್, ಎಳ್ನೆಯ್, ಎಣ್ಣೆ ಅಂತ ಎರಡು ಮೂರು ಸಲ ಬಾಯಲ್ಲಿ ಹೇಳ್ಕೊಂಡು ನೋಡಿದ್ರು.

ಈ ಸೈಟ್ ಯಾಕೆ ಬೇಕೇ ಬೇಕು ಅನ್ನೋದಕ್ಕೆ ವಾಟ್ಸಾಪ್ ಫಾರ್ವರ್ಡ್‌ಗಳು ಕಾರಣ. ನ್ಯೂಸ್ ಅಂದ್ರೆ ನಾರ್ತ್ ಈಸ್ಟ್ ವೆಸ್ಟ್ ಸೌತ್, ನಾಲ್ಕು ದಿಕ್ಕಿನ ಸುದ್ದಿ ಅಂತ ನೀವೂ ಓದಿರ್ತೀರಿ. ಜಿಲ್ಲಾ ಕೇಂದ್ರದ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಲ್ಲಿ ನನಗೂ ಅದನ್ನೇ ಹೇಳ್ಕೊಟ್ಟಿದ್ರು, ನಾನು ಅದನ್ನ ಎಷ್ಟೋ ವರ್ಷ ಮಕ್ಕಳಿಗೂ ಹೇಳಿದೆ. ಎಟಿಮಾನ್‌ಲೈನ್ ತೆಗೆದು ನೋಡಿದ್ರೆ ಅದು ಸುಮ್ನೆ ನ್ಯೂ ಪದದ ಬಹುವಚನ, ಹೊಸ ಸಂಗತಿಗಳು ಅಂತ, 14ನೇ ಶತಮಾನದ ಕೊನೆಯದು, ಫ್ರೆಂಚಿನ ಅದೇ ಥರದ ಪದ ನೋಡಿ ಮಾಡ್ಕೊಂಡಿದ್ದು. ಆ ಮಕ್ಕಳಲ್ಲಿ ಕೆಲವ್ರು ಈಗ ದೊಡ್ಡವರಾಗಿದಾರೆ, ಸಿಕ್ಕಾಗ ನಾನೇ ನಿಲ್ಲಿಸಿ ಸರಿ ಮಾಡಿ ಹೇಳ್ತೀನಿ. ಇನ್ನೊಂದು ಫಾರ್ವರ್ಡ್, ನ್ಯಾವಿಗೇಶನ್ ಅನ್ನೋದು ಸಂಸ್ಕೃತದ ‘ನವಗತಿ’ಯಿಂದ ಕದ್ದದ್ದು ಅಂತ. ಅದು ಲ್ಯಾಟಿನ್ನಿನ ‘ನಾವಿಸ್’ ಅಂದ್ರೆ ಹಡಗು, ಅದನ್ನ ನಡೆಸೋದು ಅನ್ನೋ ಪದ ಸೇರಿ ಆಗಿದ್ದು. ಸಂಸ್ಕೃತದ ‘ನೌ’, ನಮ್ಮ ನೌಕೆ, ಆ ನಾವಿಸ್‌ಗೆ ಅಕ್ಕತಂಗಿ. ಅಕ್ಕತಂಗಿ ಅನ್ನೋದೇ ಎಷ್ಟು ಚೆಂದದ ಸಂಬಂಧ, ಅದನ್ನ ಬಿಟ್ಟು ತಾಯಿ ಮಗಳು ಅಂತ ಯಾಕೆ ಕಟ್ಬೇಕು? ಹಾಗೇ ನಮ್ಮ ಮಕ್ಕಳಲ್ಲೊಬ್ಬ ನೈಸ್ ಬಿಸ್ಕತ್ತಿಗೂ ಈ ನೈಸಿಗೂ ಸಂಬಂಧ ಇದ್ಯಾ ಅಂತ ಕೇಳಿದ್ದ, ಇನ್ನೊಬ್ಬ ಬೆಂಗಳೂರಿನ ನೈಸ್ ರೋಡ್ ಅಂದ. ರೋಡಿನದು ಒಂದು ಸಂಸ್ಥೆಯ ಹೆಸರಿನ ಮೊದಲಕ್ಷರಗಳು. ಇನ್ನು ಫ್ರಾನ್ಸಿನಲ್ಲಿ ಸಮುದ್ರ ದಡದ ಊರೊಂದಿದೆ, ಸ್ಪೆಲ್ಲಿಂಗ್ ಇದೇ, ಹೇಳೋದು ನೀಸ್ ಅಂತ, ಅದು ಗ್ರೀಕರು ಇಟ್ಟ ನಿಕಾಯ ಅನ್ನೋ ಹೆಸರಿಂದ ಬಂದದ್ದು. ಅಕ್ಷರ ಒಂದೇ ಇದ್ದ ಮಾತ್ರಕ್ಕೆ ನೆಂಟರಲ್ಲ ಅಂತ ಹೇಳೋಕೆ ಇದು ಒಳ್ಳೆ ಉದಾಹರಣೆ ಆಯ್ತು.

ಈಗ ಕೊರತೆಗಳು. ಮೊದಲನೇದು, ಪದದ ಬಳಕೆ ಕಲಿಯೋಕೆ ಇದು ಸಾಲೋದಿಲ್ಲ. ಮೇಲೆ ಹೇಳಿದ ಎಚ್ಚರಿಕೆ ಇದೇ. ‘ನೈಸ್’ನ ಹುಟ್ಟು ತಿಳ್ಕೊಂಡ್ರೆ ‘ನೈಸ್ ಆಫ್ ಯೂ ಟು ಕಮ್’ ಅಂತ ಯಾವಾಗ ಹೇಳ್ಬೇಕು ಗೊತ್ತಾಗಲ್ಲ. ‘ನೈಸ್ ಅಂಡ್ ಹಾಟ್’ ಅಂದ್ರೆ ಹಿತವಾಗಿ ಬಿಸಿ, ಅಲ್ಲಿ ಅಂಡ್ ಇದ್ರೂ ಎರಡು ಬೇರೆ ಗುಣ ಅಲ್ಲ. ‘ನೈಸ್ ಡಿಸ್ಟಿಂಕ್ಷನ್’ ಅಂದ್ರೆ ಚೆಂದದ ವ್ಯತ್ಯಾಸ ಅಲ್ಲ, ಕೂದಲೆಳೆಯಷ್ಟು ಸೂಕ್ಷ್ಮದ್ದು, 1500ರ ದಶಕಗಳ ಅರ್ಥ ಅಲ್ಲಿ ಇನ್ನೂ ಉಸಿರಾಡ್ತಿದೆ. ‘ನೈಸ್ ಟ್ರೈ’ ಅನ್ನೋದನ್ನ ಹೇಳೋ ದನಿ ಮೇಲೆ ಮೆಚ್ಚುಗೆಯೋ ಚುಚ್ಚುಮಾತೋ ಗೊತ್ತಾಗುತ್ತೆ. ಪ್ರಬಂಧದಲ್ಲಿ ಎಲ್ಲದಕ್ಕೂ ನೈಸ್ ನೈಸ್ ಅಂತ ಬರೆದ್ರೆ ಏನೂ ಹೇಳಿದ ಹಾಗೆ ಆಗಲ್ಲ, ಊಟ ನೈಸ್, ಟೂರ್ ನೈಸ್, ಟೀಚರ್ ನೈಸ್. ನಾನು ಈಗ ಬರೆಸೋವಾಗ ಊಟ ಹೇಗಿತ್ತು, ಖಾರನಾ, ಬಿಸಿನಾ, ಯಾರು ಬಡಿಸಿದ್ರು ಅಂತ ಕೇಳಿ ಆ ಪದಗಳನ್ನ ಹಾಕಿಸ್ತೀನಿ. ಇದಕ್ಕೆಲ್ಲ ಕಲಿಯೋರಿಗೆ ಅಂತಲೇ ಮಾಡಿರೋ ಡಿಕ್ಷನರಿಗಳು ಬೇಕು, ಕೇಂಬ್ರಿಜ್ ಅಥವಾ ಆಕ್ಸ್‌ಫರ್ಡ್ ಲರ್ನರ್ಸ್ ಆನ್‌ಲೈನಲ್ಲಿ ಸಿಗ್ತವೆ. ಒಂದು ಟ್ಯಾಬಲ್ಲಿ ಅದು, ಇನ್ನೊಂದರಲ್ಲಿ ಇದು, ಹೀಗೆ ಇಟ್ಕೊಳ್ಳಿ.

ಎರಡನೇದು, ಭಾಷೆ ಗಟ್ಟಿ. ಒಂದು ಪ್ಯಾರಾದಲ್ಲಿ ಐದಾರು ಭಾಷೆ, ಸಂಕ್ಷೇಪಗಳು, ಅರ್ಧವಿರಾಮ ಹಾಕಿ ಹಾಕಿ ಉದ್ದಕ್ಕೆ ಹೋಗೋ ವಾಕ್ಯಗಳು. ಹೈಸ್ಕೂಲ್ ಮಕ್ಕಳ ಕೈಗೆ ಸೀದಾ ಕೊಟ್ರೆ ಮೊದಲ ಸಾಲಿಗೇ ಬಿಟ್ಟುಬಿಡ್ತಾರೆ, ಮಧ್ಯೆ ಮೇಷ್ಟ್ರು ಬೇಕೇ ಬೇಕು.

ಮೂರನೇದು ನನಗೆ ಮನಸ್ಸಿಗೆ ತಾಕೋದು. ನಮ್ಮ ಕಡೆಯಿಂದ ಹೋದ ಪದಗಳ ಎಂಟ್ರಿ ಬೇಗ ಮುಗಿದುಹೋಗುತ್ತೆ. ‘ಅರೆಕ’ ಅಂತ ಹುಡುಕಿ, ಅಡಿಕೆ ಮರದ ಸಸ್ಯಶಾಸ್ತ್ರದ ಹೆಸರು, ಅದು ಪೋರ್ಚುಗೀಸರ ಮೂಲಕ ಮಲಯಾಳಂನ ‘ಅಡಕ್ಕ’ದ ಕಡೆಯಿಂದ ಹೋಗಿದ್ದು, ನಮ್ಮ ಅಡಿಕೆಯ ಒಡಹುಟ್ಟು. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಅಡಿಕೆ ಸುಲಿಯೋ ಮನೆಯವರು, ಅವರಿಗೆ ಇದು ಎಷ್ಟು ಹತ್ತಿರದ ಪದ. ಲ್ಯಾಟಿನ್ ಪದಕ್ಕಾದ್ರೆ ಬೇರಿನ ಬೇರಿನವರೆಗೆ ಹೋಗಬಹುದು, ಇಲ್ಲಿ ಕರಾವಳಿಗೆ ಬಂದು ದಾರಿ ನಿಂತುಬಿಡುತ್ತೆ. ಅಲ್ಲಿಂದ ಮುಂದಕ್ಕೆ ಹೋಗ್ಬೇಕು ಅಂದ್ರೆ ಟಿ. ಬರೋ ಮತ್ತು ಎಂ. ಬಿ. ಎಮೆನೋ ಅನ್ನೋ ಇಬ್ಬರು ಭಾಷಾಪಂಡಿತರು ಮಾಡಿದ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ನಿಘಂಟು ಇದೆ, 1984ರ ಎರಡನೇ ಆವೃತ್ತಿ, ಶಿಕಾಗೊ ಯೂನಿವರ್ಸಿಟಿಯ ಸೈಟ್‌ನಲ್ಲಿ ಪುಕ್ಕಟೆ ನೋಡಬಹುದು. ಕನ್ನಡ, ತಮಿಳು, ತುಳು, ಕೊಡವ, ತೊದ ಎಲ್ಲಾ ಒಂದೇ ಸಾಲಲ್ಲಿ ಕೂತಿರೋದನ್ನ ನೋಡಿದ್ರೆ ಮೈ ಜುಂ ಅನ್ನುತ್ತೆ. ಆದ್ರೆ ಅಲ್ಲಿ ವರ್ಷ ಇಲ್ಲ, ಅರ್ಥ ಹೇಗೆ ನಡೆದು ಬಂತು ಅನ್ನೋ ಕಥೆ ಇಲ್ಲ.

ಕನ್ನಡಕ್ಕೆ ಸಾಮಗ್ರಿ ಇಲ್ಲ ಅಂತ ಅಲ್ಲವೇ ಅಲ್ಲ. ಕಿಟ್ಟೆಲ್ 1894ರಲ್ಲಿ ಮಂಗಳೂರಲ್ಲಿ ಅಚ್ಚು ಹಾಕಿಸಿದ ನಿಘಂಟಿದೆ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟಿದೆ, ಅದರಲ್ಲಿ ಶಾಸನದ ಸಾಲು, ಕಾವ್ಯದ ಸಾಲು ಕೊಟ್ಟು ಯಾವ ಅರ್ಥ ಎಲ್ಲಿ ಬಂದಿದೆ ಅಂತ ತೋರಿಸಿದಾರೆ, ಜಿ. ವೆಂಕಟಸುಬ್ಬಯ್ಯನವರಂಥವರು ಅದಕ್ಕೆ ಆಯುಷ್ಯ ಕೊಟ್ಟಿದಾರೆ. ವಿ. ಕೃಷ್ಣ ಅವರೊಬ್ರೇ ದಶಕಗಟ್ಟಲೆ ಕೂತು ಮಾಡಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಆನ್‌ಲೈನಲ್ಲಿದೆ, ಒಂದೂವರೆ ಲಕ್ಷ ಪದ, ಹುಡುಕೋದು ಸಲೀಸು, ಅವರೂ ಹಾರ್ಪರ್ ಥರದ ಮನುಷ್ಯರೇ. ಆದ್ರೆ ‘ಎಣ್ಣೆ’ ಅಂತ ಫೋನಲ್ಲಿ ಒತ್ತಿದ್ರೆ ಎಳ್ಳು, ನೆಯ್, ಮೊದಲು ಯಾವ ಶಾಸನದಲ್ಲಿ ಬಂತು, ಯಾವಾಗಿಂದ ಬೇರೆ ಎಣ್ಣೆಗೂ ಆ ಹೆಸರಾಯ್ತು, ಇಷ್ಟೂ ಒಂದೇ ಪ್ಯಾರಾದಲ್ಲಿ ಬರೋ ಹಾಗೆ ಯಾರಾದ್ರೂ ಮಾಡಿಕೊಡ್ಬೇಕು. ನಮ್ಮಲ್ಲಿ ಸಾಫ್ಟ್‌ವೇರ್ ಗೊತ್ತಿರೋರು ಇದಾರೆ, ಹಳಗನ್ನಡ ಗೊತ್ತಿರೋ ಮೇಷ್ಟ್ರುಗಳು ಇದಾರೆ, ಈ ಇಬ್ಬರೂ ಒಂದು ಮೇಜಿಗೆ ಬರ್ಬೇಕು. ಶಿಕ್ಷೆ ಅನ್ನೋ ಪದ ಹಿಂದಿಯಲ್ಲಿ ಓದು, ಕನ್ನಡದಲ್ಲಿ ಏಟು, ಅದು ನಮ್ಮಲ್ಲಿ ಯಾವಾಗ ಹಾಗಾಯ್ತು ಅಂತ ಒಬ್ಬ ಟೀಚರ್ ಆಗಿ ನನಗೆ ಎಷ್ಟು ತಿಳ್ಕೋಬೇಕು ಅನ್ಸುತ್ತೆ ಗೊತ್ತಾ.

ರೇಟಿಂಗ್ ಕೊಡ್ಬೇಕಲ್ಲ, 5ಕ್ಕೆ ನಾಲ್ಕೂವರೆ. ಬಳಕೆ ಕಲಿಯೋರು ಇದೊಂದನ್ನೇ ನಂಬಬೇಡಿ, ಪಾಠ ಮಾಡೋರು ಇದಿಲ್ಲದೆ ಕ್ಲಾಸಿಗೆ ಹೋಗ್ಬೇಡಿ. ಶುರು ಮಾಡೋರು ಮೊದಲ ದಿನ ನೈಸ್, ಸಿಲ್ಲಿ, ಆಯಿಲ್, ನ್ಯೂಸ್, ಆಮೇಲೆ ‘ಡಿಯರ್’ ಅಂದ್ರೆ ಜಿಂಕೆ ಇದೆಯಲ್ಲ ಅದನ್ನ ನೋಡಿ. ಹಳೇ ಇಂಗ್ಲಿಷಲ್ಲಿ ಅದು ಯಾವ ಕಾಡುಪ್ರಾಣಿಗಾದ್ರೂ ಹೇಳ್ತಿದ್ದ ಪದ, ನಮ್ಮ ಮೃಗದ ಹಾಗೇ, ಮೃಗಾಲಯದಲ್ಲಿ ಎಲ್ಲಾ ಪ್ರಾಣಿ, ಮೃಗನಯನಿ ಅಂದ್ರೆ ಜಿಂಕೆ ಕಣ್ಣಿನವಳು.

ನಮ್ಮ ಕ್ಲಾಸಿನ ಹಿಂದಿನ ಗೋಡೆ ಮೇಲೆ ಒಂದು ಡ್ರಾಯಿಂಗ್ ಶೀಟ್ ಅಂಟಿಸಿದೀವಿ, ಮಕ್ಕಳು ಮನೆಯಲ್ಲಿ ಕೇಳಿದ ಇಂಗ್ಲಿಷ್ ಪದ ಬರೆದು ಅದು ಮನೆಯಲ್ಲಿ ಏನು ಅರ್ಥಕ್ಕೆ ಬರುತ್ತೆ ಅಂತ ಪಕ್ಕದಲ್ಲಿ ಬರೀತಾರೆ. ಮೊದಲನೇ ಸಾಲು ಆ ಹಿಂದಿನ ಬೆಂಚಿನ ಹುಡುಗನ ಅಕ್ಷರದಲ್ಲಿದೆ, ನೈಸ್, ರೊಟ್ಟಿ ಹಿಟ್ಟು. ನಿನ್ನೆ ಒಬ್ಳು ‘ಫ್ರೀ’ ಅಂತ ಬರೆದು ಹೋಗಿದಾಳೆ, ಪಕ್ಕದಲ್ಲಿ ‘ಬಸ್ಸಿಗೆ ದುಡ್ಡಿಲ್ಲ, ಅಮ್ಮಂಗೆ ಕೆಲಸ ಇಲ್ಲದ ಹೊತ್ತು’ ಅಂತ ಎರಡು ಅರ್ಥ. ಇವತ್ತು ರಾತ್ರಿ ಅದನ್ನ ನೋಡ್ಬೇಕು.